ಸದ್ದಿಲ್ಲದೆ ನಿಂತ ಸರ್ವರ್: ಕಾರಣ ಹುಡುಕುವ ಕ್ರಮವನ್ನು ಕಲಿಸುವುದು ಹೇಗೆ?

ಗಣಕ ವಿಜ್ಞಾನದ ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಸರ್ವರ್ ಎಂದರೇನು ಎಂಬುದನ್ನು ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಅದು ನಿಂತಾಗ ಏನು ಮಾಡಬೇಕು ಎಂದು ವಿದ್ಯಾರ್ಥಿ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಮತ್ತೆ ಶುರು ಮಾಡಿ. ಸರ್ವರ್ ಶುರುವಾಗುತ್ತದೆ, ನಿಜ. ಆದರೆ ಕಾರಣ ಹಾಗೇ ಉಳಿದು, ಪ್ರವೇಶ ಅರ್ಜಿಯ ಕೊನೆಯ ದಿನವೋ ಫಲಿತಾಂಶದ ದಿನವೋ ಮತ್ತೆ ನಿಲ್ಲುತ್ತದೆ. ಈ ಕಾರಣದಿಂದ ದ್ವಿತೀಯ ಪಿಯುಸಿ ಮಟ್ಟಕ್ಕೆ ಎರಡು ಅವಧಿಗಳ ಒಂದು ಮಾದರಿ ಪಾಠವನ್ನು ಸಿದ್ಧಪಡಿಸಿ ಬೋಧಿಸಿದೆ. ಅದರ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ.

ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು (1) ಸರ್ವರ್ ನಿಧಾನವಾಗುವುದಕ್ಕೂ ಅದರ ಪ್ರಕ್ರಿಯೆಯೇ ನಿಲ್ಲುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವನು. (2) ಸಾಕ್ಷ್ಯ ಎಲ್ಲೆಲ್ಲಿ ಸಿಗುತ್ತದೆ ಎಂಬುದನ್ನು ಕ್ರಮವಾಗಿ ಹೇಳುವನು. (3) ಊಹೆಯನ್ನೂ ಸಾಕ್ಷ್ಯವನ್ನೂ ಬೇರ್ಪಡಿಸಿ ಬರೆಯುವನು.

ಪೂರ್ವಜ್ಞಾನ ಮತ್ತು ಪೀಠಿಕೆ

ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ತಾಲ್ಲೂಕುಗಳ ತರಗತಿಗಳಲ್ಲಿ ಪಂಪ್‌ಸೆಟ್ ಗೊತ್ತಿಲ್ಲದ ಮಗು ಅಪರೂಪ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಕಬ್ಬಿಗೆ ನೀರು ಹಾಯುವುದು ಮೋಟಾರಿನಿಂದಲೇ. ಆದ್ದರಿಂದ ಪೀಠಿಕೆಯ ಪ್ರಶ್ನೆ ಇದು: "ರಾತ್ರಿ ಚಾಲೂ ಇದ್ದ ಮೋಟಾರು ಬೆಳಿಗ್ಗೆ ನಿಂತಿದೆ. ಮೊದಲು ಎಲ್ಲಿ ನೋಡುತ್ತೀರಿ?"

ಉತ್ತರಗಳು ಬೇಗ ಬಂದವು. "ಕರೆಂಟ್ ಹೋಗಿರಬೇಕ್ರಿ." "ಫ್ಯೂಸ್ ಹೋಗಿರಬೇಕು." "ಸ್ಟಾರ್ಟರ್ ಟ್ರಿಪ್ ಆಗಿರ್ತದ್ರಿ ಸರ್." ಯಾರೂ ನೇರವಾಗಿ ಮೋಟಾರು ಬಿಚ್ಚಲು ಹೋಗಲಿಲ್ಲ. ಮೋಟಾರು ತನ್ನ ಕಾರಣವನ್ನು ತಾನೇ ಹೇಳುವುದಿಲ್ಲ. ಮೀಟರು, ಫ್ಯೂಸು, ಸ್ಟಾರ್ಟರಿನ ಓವರ್‌ಲೋಡ್ ರಿಲೇ ಹೇಳುತ್ತವೆ. ಇಡೀ ಪಾಠ ನಿಂತಿರುವುದು ಈ ಮಾತಿನ ಮೇಲೆ.

ವಿಷಯ ಮಂಡನೆ

ಮೊದಲ ಹಂತ: ನಿಂತಿದೆಯೋ, ಏದುಸಿರು ಬಿಡುತ್ತಿದೆಯೋ? ಬಳಕೆದಾರನಿಗೆ ಎರಡೂ ಒಂದೇ ತರಹ ಕಾಣುತ್ತವೆ. ನಮ್ಮ ರಾಜ್ಯದ ಆಸ್ತಿ ನೋಂದಣಿ ತಂತ್ರಾಂಶವಾದ ಕಾವೇರಿ 2.0 ಇದಕ್ಕೆ ಒಳ್ಳೆಯ ಉದಾಹರಣೆ. 2025ರ ಆರಂಭದಲ್ಲಿ ಅದು ಸರಿಯಾಗಿ ನಡೆಯದೆ ನೋಂದಣಿ ಕುಂಠಿತವಾಯಿತು. ನಕಲಿ ಖಾತೆಗಳ ಮೂಲಕ ಬೇಕೆಂದೇ ವಿಪರೀತ ಕೋರಿಕೆಗಳನ್ನು ಕಳುಹಿಸಲಾಗಿದೆ ಎಂಬುದು ಪರಿಶೀಲನೆಯಲ್ಲಿ ಕಂಡುಬಂದು ಪೊಲೀಸ್ ದೂರು ದಾಖಲಾಯಿತು. ಅಲ್ಲಿನ ತೊಂದರೆ ಹೊರಗಿನಿಂದ ಬಂದ ಒತ್ತಡ. ನಮ್ಮ ಪಾಠದ ವಿಷಯ ಬೇರೆ: ಒತ್ತಡವೇನೂ ಕಾಣದ ಹೊತ್ತಿನಲ್ಲಿ ಪ್ರಕ್ರಿಯೆಯೇ ಇಲ್ಲವಾಗುವುದು. ಹಾಗಾಗಿ ಪ್ರಕ್ರಿಯೆಗಳ ಪಟ್ಟಿಯಲ್ಲಿ ಸರ್ವರಿನ ಹೆಸರು ಇದೆಯೇ ಎಂದು ನೋಡುವುದೇ ಮೊದಲ ಕೆಲಸ.

ಎರಡನೆಯ ಹಂತ: ಸರ್ವರಿನ ಸ್ವಂತ ದಾಖಲೆ. ಪ್ರಾತ್ಯಕ್ಷಿಕೆಗೆ ಲಿನಕ್ಸ್ ಯಂತ್ರವೊಂದರಲ್ಲಿ ಟಾಮ್‌ಕ್ಯಾಟ್ ಹಾಕಿದ್ದೆ. ಅದರ ಲಾಗ್ ಕಡತದ ಕೊನೆಯ ಸಾಲುಗಳನ್ನು ಓದಿಸಿದೆ. ಯಾರಾದರೂ ಕ್ರಮಬದ್ಧವಾಗಿ ನಿಲ್ಲಿಸಿದ್ದರೆ ಮುಚ್ಚುವ ಸೂಚನೆಗಳು ಅಲ್ಲಿರುತ್ತವೆ. ಜಾವಾದ ಒಳಗಿನ ಹೀಪ್ ತುಂಬಿದ್ದರೆ ಸಾಮಾನ್ಯವಾಗಿ 'ಔಟ್ ಆಫ್ ಮೆಮೊರಿ' ದೋಷ ದಾಖಲಾಗಿರುತ್ತದೆ. ಜಾವಾ ಯಂತ್ರವೇ ಕುಸಿದಿದ್ದರೆ ಸಾಮಾನ್ಯವಾಗಿ ಪ್ರತ್ಯೇಕ ದೋಷ ಕಡತವೊಂದು ಹುಟ್ಟಿರುತ್ತದೆ. ನಮ್ಮ ಲಾಗಿನಲ್ಲಿ ಇವು ಯಾವುವೂ ಇರಲಿಲ್ಲ. ಮಾಮೂಲಿ ಸಾಲುಗಳು, ಆಮೇಲೆ ಖಾಲಿ. "ಏನೂ ಸಿಗಲಿಲ್ಲ ಸರ್" ಎಂದರು ಮಕ್ಕಳು. ಶಿಕ್ಷಕರು ತಡೆದು ನಿಲ್ಲಬೇಕಾದ ಜಾಗ ಇದು. ಏನೂ ಇಲ್ಲದಿರುವುದೂ ಒಂದು ಸಾಕ್ಷ್ಯ. ಬರೆಯಲು ಸಮಯವೇ ಸಿಗದಂತೆ ಅದನ್ನು ನಿಲ್ಲಿಸಲಾಗಿದೆ ಎಂಬುದು ಒಂದು ಸಾಧ್ಯತೆ; ಡಿಸ್ಕ್ ತುಂಬಿ ಬರೆಯಲು ಜಾಗವಿರಲಿಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಡಿಸ್ಕಿನ ಖಾಲಿ ಜಾಗ ನೋಡಿ ಕೂಡಲೇ ಪರೀಕ್ಷಿಸಬಹುದು.

ಮೂರನೆಯ ಹಂತ: ನಿರ್ಗಮನ ಸಂಖ್ಯೆ. ಸಂಕೇತವೊಂದರಿಂದ ಪ್ರಕ್ರಿಯೆ ಕೊನೆಗೊಂಡರೆ, ಶೆಲ್ 128ಕ್ಕೆ ಆ ಸಂಕೇತದ ಸಂಖ್ಯೆಯನ್ನು ಕೂಡಿಸಿ ತೋರಿಸುತ್ತದೆ. ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ:

129 = 128 + 1: ಪ್ರಕ್ರಿಯೆ ಶುರು ಮಾಡಿದ ಟರ್ಮಿನಲ್ ಮುಚ್ಚಿರಬಹುದು.
143 = 128 + 15: "ದಯವಿಟ್ಟು ನಿಲ್ಲು" ಎಂಬ ವಿನಂತಿ; ಸಿದ್ಧತೆಗೆ ಅವಕಾಶವಿದೆ.
137 = 128 + 9: ತಡೆಯಲಾಗದ ಆಜ್ಞೆ; ಒಂದು ಸಾಲು ಬರೆಯಲೂ ಅವಕಾಶವಿಲ್ಲ.

ನಮ್ಮದು 137. ಲಾಗ್ ಯಾಕೆ ಮೌನವಾಗಿತ್ತು ಎಂಬುದನ್ನು ಮಕ್ಕಳೇ ವಿವರಿಸಿದರು.

ನಾಲ್ಕನೆಯ ಹಂತ: ಹೊರಗಿನ ಸಾಕ್ಷಿ. ಈಗ ಕರ್ನಲ್ಲಿನ ದಾಖಲೆ ತೆರೆದೆವು. ಸ್ಮೃತಿ ಮುಗಿದ ಕಾರಣ ಜಾವಾ ಪ್ರಕ್ರಿಯೆಯನ್ನು ಕೊಂದೆ ಎಂಬ ಸಾಲು ಸಮಯದ ಸಮೇತ ಅಲ್ಲಿತ್ತು. ಸ್ಮೃತಿ ಪೂರ್ತಿ ಖಾಲಿಯಾದಾಗ ಇಡೀ ಯಂತ್ರವನ್ನು ಉಳಿಸಲು ಲಿನಕ್ಸ್ ಕರ್ನಲ್ ಒಂದು ಪ್ರಕ್ರಿಯೆಯನ್ನು ಆರಿಸಿ ಕೊನೆಗೊಳಿಸುತ್ತದೆ. ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದೆ: ಯಂತ್ರದ ಸ್ಮೃತಿ 1024 ಎಂಬಿ; ಜಾವಾ ಹೀಪಿನ ಗರಿಷ್ಠ ಮಿತಿ 768; ದತ್ತಸಂಚಯಕ್ಕೆ ಸುಮಾರು 400. ಒಟ್ಟು 1168. ಕಾರ್ಯಾಚರಣ ವ್ಯವಸ್ಥೆಯ ಪಾಲನ್ನು ಸೇರಿಸುವ ಮೊದಲೇ ಲೆಕ್ಕ ಮೀರಿದೆ. ಹೀಪ್ ದಿನವಿಡೀ ಮಿತಿಯನ್ನು ಮುಟ್ಟುವುದಿಲ್ಲವಾದ್ದರಿಂದ ಸರ್ವರ್ ಹಲವು ದಿನ ನಡೆಯುತ್ತದೆ, ಆಮೇಲೆ ಒಮ್ಮೆ "ಕಾರಣವಿಲ್ಲದೆ" ನಿಲ್ಲುತ್ತದೆ.

ಹೋಲಿಕೆಯ ಮಿತಿ

ಓವರ್‌ಲೋಡ್ ರಿಲೇ ಕಾಪಾಡುವುದು ತನ್ನ ಮೋಟಾರನ್ನೇ. ಕರ್ನಲ್ ಹಾಗಲ್ಲ. ಅದು ಸಾಮಾನ್ಯವಾಗಿ ಹೆಚ್ಚು ಸ್ಮೃತಿ ಹಿಡಿದಿರುವ ಪ್ರಕ್ರಿಯೆಯನ್ನು ಆರಿಸುತ್ತದೆ. ರಾತ್ರಿ ನಡೆಯುವ ಬ್ಯಾಕಪ್ ಕಾರ್ಯಕ್ರಮ ಕೊನೆಯ ತುಣುಕು ಸ್ಮೃತಿಯನ್ನು ಕೇಳಿದ್ದರೂ ಕೊಲೆಯಾಗುವುದು ದೊಡ್ಡದಾಗಿರುವ ಟಾಮ್‌ಕ್ಯಾಟ್ ಆಗಿರಬಹುದು. ಸತ್ತವನೇ ತಪ್ಪಿತಸ್ಥ ಎಂದು ತೀರ್ಮಾನಿಸಬಾರದು. ಆ ಹೊತ್ತಿಗೆ ಇನ್ನೇನು ನಡೆಯುತ್ತಿತ್ತು ಎಂದು ಕೇಳಬೇಕು. ಈ ಮಾತನ್ನು ಹೇಳದೆ ಬಿಟ್ಟರೆ ನಾವೇ ಕೊಟ್ಟ ಹೋಲಿಕೆ ಮಕ್ಕಳನ್ನು ದಾರಿ ತಪ್ಪಿಸುತ್ತದೆ.

ಪರಿಹಾರಗಳನ್ನು ಚರ್ಚೆಯಿಂದ ಪಡೆದೆವು: ಹೀಪಿನ ಮಿತಿ ಇಳಿಸುವುದು, ಸ್ಮೃತಿ ಹೆಚ್ಚಿಸುವುದು, ಸ್ವಾಪ್ ಜಾಗ ಕೊಡುವುದು, ಬ್ಯಾಕಪ್ಪನ್ನು ಬೇರೆ ಯಂತ್ರಕ್ಕೆ ಸಾಗಿಸುವುದು. ತಾನಾಗಿ ಮತ್ತೆ ಶುರುವಾಗುವ ವ್ಯವಸ್ಥೆ ಸೇವೆಯನ್ನು ಉಳಿಸುತ್ತದೆ, ಕಾಯಿಲೆಯನ್ನು ವಾಸಿ ಮಾಡುವುದಿಲ್ಲ ಎಂಬುದನ್ನು ಒತ್ತಿ ಹೇಳಿದೆ.

ಮೌಲ್ಯಮಾಪನ

ಎರಡು ಹೊಸ ಸನ್ನಿವೇಶಗಳನ್ನು ಕೊಟ್ಟೆ: ನಿರ್ಗಮನ ಸಂಖ್ಯೆ 143 ಇರುವ ಒಂದು, ಡಿಸ್ಕ್ ನೂರಕ್ಕೆ ನೂರು ತುಂಬಿರುವ ಇನ್ನೊಂದು. ಉತ್ತರ ಪತ್ರಿಕೆಯಲ್ಲಿ ಮೂರು ಅಂಕಣಗಳು: ಊಹೆ, ನೋಡಿದ ಸಾಕ್ಷ್ಯ, ತೀರ್ಮಾನ. ಹತ್ತು ಅಂಕಗಳಲ್ಲಿ ಐದು ನಡುವಿನ ಅಂಕಣಕ್ಕೆ. ಸರಿಯಾದ ಕಾರಣವನ್ನು ಅದೃಷ್ಟದಿಂದ ಬರೆದವನಿಗಿಂತ, ಕಾರಣ ತಪ್ಪಿದರೂ ಎರಡು ಸಾಧ್ಯತೆಗಳನ್ನು ಸಾಕ್ಷ್ಯದಿಂದ ತಳ್ಳಿಹಾಕಿದವನಿಗೆ ಹೆಚ್ಚು ಅಂಕ ಬರಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಪ್ರಯೋಗಾಲಯದಲ್ಲಿ ಕಂಪ್ಯೂಟರುಗಳು ಕಡಿಮೆ ಇದ್ದರೆ ಲಾಗಿನ ಸಾಲುಗಳನ್ನು ಮುದ್ರಿಸಿ ಗುಂಪುಗಳಿಗೆ ಹಂಚಿ, ಪಾಠಕ್ಕೆ ಕೊರತೆಯಾಗುವುದಿಲ್ಲ. ಗಡಿಭಾಗದ ತರಗತಿಯಲ್ಲಿ ಮಗು ಕಾರಣವನ್ನು ಮೊದಲು ಮರಾಠಿಯಲ್ಲಿ ಹೇಳಿದರೂ ಕೇಳಿಸಿಕೊಂಡು, ಆಮೇಲೆ ಕನ್ನಡದಲ್ಲಿ ಬರೆಸಿ. ಮುಖ್ಯವಾಗಿ, ಮೊದಲ ಉತ್ತರ ಸರಿ ಬಂದ ಕೂಡಲೇ "ಶಾಭಾಸ್" ಎಂದು ಮುಂದೆ ಹೋಗಬೇಡಿ. "ಅದು ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳಿ. ವೀಕ್ಷಣಾ ಪಟ್ಟಿಯಲ್ಲಿ ಈ ಪ್ರಶ್ನೆ ಎಷ್ಟು ಸಲ ಬಂತು ಎಂದು ಗುರುತು ಹಾಕಲು ಸಹಪಾಠಿ ವೀಕ್ಷಕರಿಗೆ ಈಗ ಹೇಳುತ್ತಿದ್ದೇನೆ.