ಸಾವಿರ ಅಡಿಯ ಲೆಕ್ಕ

ಸಿಯಾಟಲ್ ಪಕ್ಕದ ಸಣ್ಣ ಊರಲ್ಲಿ ನಾವು ಮನೆ ಕೊಂಡು ಎರಡು ವರ್ಷವಾಗಿತ್ತು. ಹಿಂದಿನ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಕಾರ್ಪೆಟ್ ಅಂಗಡಿಯೆದುರು ಒಂದು ದಿನ ನಗರಾಡಳಿತದ ಬೋರ್ಡು ಎದ್ದಿತು. ಬರಲಿರುವುದು ಡ್ಯಾನ್ಸ್ ಕ್ಲಬ್ಬು, ಅದೂ ಬಟ್ಟೆ ಬಿಚ್ಚಿ ಕುಣಿಯುವಂಥದ್ದು. ಊರಿಂದ ಬಂದಿದ್ದ ಅಮ್ಮ, "ಬೇಡ ಅನ್ನೋಕೆ ಇಲ್ಲಿ ಒಬ್ಬರೂ ಇಲ್ವೇನೋ?" ಎಂದು ಕೇಳಿದಳು.

ನಾನಿದ್ದೇನಲ್ಲ ಎಂದುಕೊಂಡೆ. ಸಾರ್ವಜನಿಕ ವಿಚಾರಣೆಯಲ್ಲಿ ಒಬ್ಬೊಬ್ಬರಿಗೆ 3 ನಿಮಿಷ. ಮಕ್ಕಳು, ಸಂಸ್ಕಾರ, ಊರ ಮರ್ಯಾದೆ ಎಂದೆಲ್ಲ ಬರೆದುಕೊಂಡು ಹೋಗಿದ್ದನ್ನು ಏರುದನಿಯಲ್ಲಿ ಓದಿದೆ. ಚಪ್ಪಾಳೆಯೂ ಬಿತ್ತು. ನಗರಾಡಳಿತದ ವಕೀಲ ಮಾತ್ರ ಒಂದಕ್ಷರ ಬರೆದುಕೊಳ್ಳಲಿಲ್ಲ. ಆಮೇಲೆ ಹೊರಗೆ ಸಿಕ್ಕಾಗ ಹೇಳಿದ: ನೀವು ಹೇಳಿದ್ದನ್ನೇ ಕಾರಣ ಮಾಡಿ ಅರ್ಜಿ ತಳ್ಳಿಹಾಕಿದರೆ, ಕೋರ್ಟಿನಲ್ಲಿ ಸೋಲುವವರು ನಾವು.

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹಳೆಯ ತೀರ್ಪುಗಳನ್ನು ಓದಲು ಕೂತೆ. ಇಂಥ ಕುಣಿತಕ್ಕೂ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯ, ಅಂದರೆ ವಾಕ್ ಸ್ವಾತಂತ್ರ್ಯದ, ರಕ್ಷಣೆ ಒಂದಿಷ್ಟು ಉಂಟು. ನ್ಯೂಜೆರ್ಸಿಯ ಮೌಂಟ್ ಎಫ್ರೈಮ್ ಎಂಬ ಪಟ್ಟಣ ಇಂಥದ್ದಕ್ಕೆ ಜಾಗವೇ ಇಲ್ಲ ಎಂದು ಪಟ್ಟು ಹಿಡಿದು 1981ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. 'ಬೇಡ' ಎನ್ನುವಂತಿಲ್ಲ, 'ಇಲ್ಲಿ ಬೇಡ' ಎನ್ನಬಹುದು. ಡೆಟ್ರಾಯಿಟ್ ಇಂಥ ಜಾಗಗಳನ್ನು ಒಂದರ ಪಕ್ಕ ಒಂದು ಸೇರದಂತೆ ಚದುರಿಸಿತು, 1976ರಲ್ಲಿ ಕೋರ್ಟು ಒಪ್ಪಿತು. ಬಾಸ್ಟನ್ ತದ್ವಿರುದ್ಧ: 1974ರಲ್ಲಿ ಎಲ್ಲವನ್ನೂ ಒಂದೇ ಕೇರಿಗೆ ಕೂಡಿಹಾಕಿತು.

ನಮ್ಮೂರಿನ ನಿಯಮದ ಬೇರು ಮಾತ್ರ ನಾನು ದಿನಾ ಕಾರಿನಲ್ಲಿ ಹಾದುಹೋಗುವ ರೆಂಟನ್‌ನಲ್ಲಿತ್ತು. ಮನೆ, ಶಾಲೆ, ಚರ್ಚು, ಪಾರ್ಕುಗಳಿಂದ 1000 ಅಡಿಯೊಳಗೆ ವಯಸ್ಕರ ಸಿನಿಮಾ ಮಂದಿರ ಕೂಡದು ಎಂದಿತ್ತು ಆ ಊರು. 1986ರಲ್ಲಿ ಗೆದ್ದಿತು. ತೆರೆಯ ಮೇಲಿನದ್ದರ ಸುದ್ದಿಗೆ ಹೋಗದೆ, ಸುತ್ತಮುತ್ತಲ ಅಪರಾಧ, ಆಸ್ತಿ ಬೆಲೆ, ಬಡಾವಣೆಯ ಗತಿಯ ಮಾತಷ್ಟೇ ಆಡಿದ್ದು ಅದರ ಜಾಣತನ. ಅದಕ್ಕೂ ಸ್ವಂತ ಅಧ್ಯಯನವಿರಲಿಲ್ಲ, ಸಿಯಾಟಲ್‌ನ ಅನುಭವವನ್ನೇ ಎರವಲು ತಂದಿತ್ತು! ಜೊತೆಗೆ 520 ಎಕರೆ, ಅಂದರೆ ಊರಿನ ನೆಲದಲ್ಲಿ ಶೇ 5ಕ್ಕಿಂತ ಹೆಚ್ಚು, ಇಂಥ ವ್ಯಾಪಾರಕ್ಕೆ ತೆರೆದಿಟ್ಟಿತ್ತು.

ನಮ್ಮ ಬೀದಿಯನ್ನು ಉಳಿಸಿದ್ದು ನನ್ನ ಭಾಷಣವಲ್ಲ. ಅಂಚೆ ಹಂಚುತ್ತಿದ್ದು ನಿವೃತ್ತಳಾಗಿದ್ದ ನೆರೆಮನೆಯಾಕೆಗೆ ಊರಿನ ಪ್ರತಿ ಗೇಟೂ ಗೊತ್ತು. ಆಕೆ ಕೌಂಟಿ ಕಚೇರಿಯಿಂದ ನಿವೇಶನಗಳ ನಕ್ಷೆ ತಂದಿದ್ದಳು. ಅರ್ಜಿದಾರರು ಕ್ಲಬ್ಬಿನ ಬಾಗಿಲಿನಿಂದ ಚರ್ಚಿನ ಬಾಗಿಲಿಗೆ ಅಳೆದಿದ್ದರು. ನಮ್ಮೂರ ನಿಯಮದಲ್ಲಿದ್ದದ್ದು ಒಂದು ನಿವೇಶನದ ಗಡಿಯಿಂದ ಇನ್ನೊಂದರ ಗಡಿಗೆ ನೇರ ಗೆರೆ. ಚರ್ಚಿನ ಪಾರ್ಕಿಂಗ್ ಜಾಗದ ಬೇಲಿ 940 ಅಡಿಗೇ ಸಿಕ್ಕಿತು. ಒಂದೇ ನಿಮಿಷ ಮಾತಾಡಿ ಕೂತಳು. ವಕೀಲ ಬರೆದುಕೊಂಡ. (ಶಾಲೆ, ದೇವಸ್ಥಾನಗಳಿಂದ ಹೆಂಡದಂಗಡಿ 100 ಮೀಟರ್ ದೂರವಿರಬೇಕೆಂಬ ನಮ್ಮ ಕರ್ನಾಟಕದ ಅಬಕಾರಿ ನಿಯಮದಲ್ಲೂ ಜಗಳ ಹುಟ್ಟುವುದು ಟೇಪು ಎಲ್ಲಿಂದ ಹಿಡಿಯಬೇಕು ಎನ್ನುವಲ್ಲೇ.)

ಹಾಗಾಗಿ, ಇಂಥ ಬೋರ್ಡು ಕಂಡವರಿಗೆ ನಾನೀಗ ಹೇಳುವುದಿಷ್ಟೆ: ಮೊದಲು ನಿಯಮದ ಪ್ರತಿ ತರಿಸಿ, ಆಮೇಲೆ ನಕ್ಷೆ. ಭಾಷಣ ಕೊನೆಗಿರಲಿ. ಇನ್ನೊಂದು ಮಾತನ್ನು ಹೇಳಲು ಸಂಕೋಚ. ಎಂಟು ತಿಂಗಳ ಬಳಿಕ ಕ್ಲಬ್ಬು ತೆರೆಯಿತು, ಎರಡು ಮೈಲಿ ಆಚೆ, ರೈಲು ಹಳಿಯ ಬದಿಯಲ್ಲಿ. ಪಕ್ಕದಲ್ಲೇ ಟ್ರೇಲರ್ ಮನೆಗಳ ಸಾಲಿದೆ, ಬಾಗಿಲಲ್ಲಿ ಮಕ್ಕಳ ಸೈಕಲ್ಲುಗಳಿವೆ. ನಕ್ಷೆಯಲ್ಲಿ ಅದು ಕೈಗಾರಿಕಾ ವಲಯ. ನಮ್ಮೂರ ನಿಯಮ ಎಣಿಸುವುದು ವಸತಿ ವಲಯವನ್ನು, ಮನೆಗಳನ್ನಲ್ಲ. ಆ ಜಾಗಕ್ಕೂ ವಿಚಾರಣೆ ನಡೆದಿತ್ತು. ನಾನು ಹೋಗಿರಲಿಲ್ಲ.