ಸೀಗಡಿಯ ಜ್ವರ: ಹುಳದ ಕೋಶ ಕಲಿಸುವ ಪಾಠ

ರೇಷ್ಮೆ ಸಾಕಿದವರಿಗೆ 'ಜ್ವರ' ಅಂದರೆ ಕಾಯಿಲೆ ಅಲ್ಲ ಅಂತ ಗೊತ್ತು. ಹುಳ ಮೇವು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುತ್ತೆ. ಹಳೆ ಪೊರೆ ಕಳಚಿ ಎದ್ದ ಮೇಲೆ ಮತ್ತೆ ಸೊಪ್ಪಿಗೆ ಬೀಳುತ್ತೆ. ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಏರುತ್ತೆ. ನೀರಿನಲ್ಲಿರುವ ಸೀಗಡಿಯೂ ಹೀಗೇ ಪೊರೆ ಬಿಟ್ಟೇ ಬೆಳೆಯೋದು. ಹೊರಗಿನ ಹೊದಿಕೆ ಒಂದು ಮಟ್ಟಕ್ಕಿಂತ ಹಿಗ್ಗುವುದಿಲ್ಲ, ಅದಕ್ಕೇ ಕಳಚಬೇಕು.

ಮಳೆ ನಂಬಿ ರಾಗಿ, ತೊಗರಿ ಬೆಳೆಯುವ ನನಗೂ ಸೀಗಡಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಮೀನುಗಾರಿಕೆ ಓದಿದ ನನ್ನ ತಂಗಿಯ ಮಗಳು ಒಮ್ಮೆ, "ಮಾವ, ನಿಮ್ಮ ಹುಳಕ್ಕೂ ನಮ್ಮ ಸೀಗಡಿಗೂ ಜ್ವರ ಬರಿಸೋದು ಒಂದೇ ಹಾರ್ಮೋನು" ಅಂದಳು. ಆಮೇಲೆ ಅವಳನ್ನು ಕೇಳಿ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಅರ್ಧ ಟನ್ ಹುಳ, ಚಿಟಿಕೆ ಹಾರ್ಮೋನು

ಈ ಹಾರ್ಮೋನಿನ ಹೆಸರು ಎಕ್ಡೈಸೋನ್. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆ ಕೋಶಾವಸ್ಥೆಯ ಹುಳಗಳಿಂದ ತೆಗೆದದ್ದು ಬರೀ 25 ಮಿಲಿಗ್ರಾಂ. 1966ರಲ್ಲಿ ಆಸ್ಟ್ರೇಲಿಯಾದವರು ಸೀಗಡಿಯ ದೊಡ್ಡ ಸಂಬಂಧಿ ಲಾಬ್‌ಸ್ಟರ್ ಜಾತಿಯ ಒಂದು ಟನ್ ಸರಕಿನಿಂದ 2 ಮಿಲಿಗ್ರಾಂ ತೆಗೆದರು. ಹುಳದ ಮೈಯಲ್ಲಿ ಕೆಲಸ ಮಾಡುವ ರೂಪವೇ ಅಲ್ಲೂ ಸಿಕ್ಕಿತು.

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಸ್ಥೆಯವರು ಕೊಟ್ಟ 'ಸಂಪೂರ್ಣ' ನಮ್ಮಲ್ಲಿ ಹಲವರು ಬಳಸಿದ್ದಾರೆ. ಹುಳ ಹಣ್ಣಾಗಲು ಶುರುವಾದಾಗ ಸೊಪ್ಪಿನ ಮೇಲೆ ಸಿಂಪಡಿಸಿದರೆ ಎಲ್ಲವೂ ಒಟ್ಟಿಗೆ ಹಣ್ಣಾಗುತ್ತವೆ. ಅದರಲ್ಲಿರುವುದು ಗಿಡದಿಂದ ತೆಗೆದ ಇದೇ ಜಾತಿಯ ಹಾರ್ಮೋನು.

ಕೋಶತಳಿ ಅಂದರೆ

ಪ್ರಾಣಿಯ ಮೈಯಿಂದ ಜೀವಕೋಶ ತೆಗೆದು, ಸೀಸೆಯಲ್ಲಿ ಪೋಷಕ ದ್ರವ ಕೊಟ್ಟು ಬೆಳೆಸುತ್ತಾರೆ. ಸಾಮಾನ್ಯವಾಗಿ ಅವು ಕೆಲವು ದಿನ ಬದುಕಿ ಸಾಯುತ್ತವೆ. ಅಪರೂಪಕ್ಕೆ ಕೆಲವು ನಿಲ್ಲದೆ ಮರಿ ಹಾಕುತ್ತಾ ಹೋಗುತ್ತವೆ. ಅಂಥ ಸಂತಾನಕ್ಕೆ ಸೆಲ್ ಲೈನ್ ಅಂತಾರೆ, ನಾನು ಕೋಶತಳಿ ಅಂತೀನಿ. ಕೂಳೆ ಬೆಳೆ ಇದ್ದ ಹಾಗೆ, ಕತ್ತರಿಸಿದಷ್ಟೂ ಚಿಗುರುತ್ತೆ. ಹಣ್ಣಿನ ನೊಣದ ಕೋಶತಳಿ 1969ರ ಹೊತ್ತಿಗೇ ಸಿದ್ಧವಿತ್ತು. ಈಗ ನಮ್ಮ ಮೆಕ್ಕೆಜೋಳ ತಿನ್ನುತ್ತಿರುವ ಫಾಲ್ ಸೈನಿಕ ಹುಳದಿಂದ 1977ರಲ್ಲಿ ಅಮೆರಿಕದಲ್ಲಿ ಒಂದು ತಳಿ ಮಾಡಿದರು. ಅದರ ಸಂತಾನ ಎಸ್‌ಎಫ್-9 ಇವತ್ತೂ ಲೋಕದ ಪ್ರಯೋಗಾಲಯಗಳಲ್ಲಿದೆ.

ಸೀಗಡಿ ಮಾತ್ರ ಈ ವಿಚಾರದಲ್ಲಿ ಹಟಮಾರಿ. ಹತ್ತಾರು ವರ್ಷ ಪ್ರಯತ್ನಿಸಿದರೂ ಅದರ ಕೋಶಗಳು ಕೆಲವು ವಾರಕ್ಕೆ ಸುಸ್ತಾಗುತ್ತವೆ. ನೀರಿನ ಚಿಪ್ಪು ಜೀವಿಗಳ ಕೋಶ ಬೆಳೆಯಿತು ಅಂತ ಕೆಲವರು ಸಂತೋಷಪಟ್ಟಾಗ, ಪರೀಕ್ಷೆ ಮಾಡಿದರೆ ಅದು ಸಮುದ್ರದ ನೀರಿನ ಒಂದು ಸೂಕ್ಷ್ಮಜೀವಿಯಾಗಿತ್ತು. ರಾಗಿ ಅಂತ ಕಾಡುರಾಗಿ ಸಾಕಿದ ಹಾಗೆ. ಅದಕ್ಕೇ ಸೀಗಡಿ ಹಾರ್ಮೋನು ಓದುವವರು ಹುಳದ ಕೋಶವನ್ನೋ ಬೇರೆ ಪ್ರಾಣಿಯ ಕೋಶವನ್ನೋ ಎರವಲು ತರುತ್ತಾರೆ.

ಕೋಶ ಉತ್ತರ ಕೊಡುವ ರೀತಿ

ಹಾರ್ಮೋನು ಬೀಗದ ಕೈ ಇದ್ದ ಹಾಗೆ. ಕೋಶದೊಳಗೆ ಅದಕ್ಕೆ ಸರಿಯಾದ ಬೀಗ ಇರುತ್ತೆ. ಹಣ್ಣಿನ ನೊಣದ ಕೋಶಕ್ಕೆ ಎಕ್ಡೈಸೋನ್ ಹಾಕಿದರೆ ಅದು ಮರಿ ಹಾಕೋದು ನಿಲ್ಲಿಸಿ, ಉದ್ದವಾಗಿ, ಬೇರಿನಂಥ ಎಳೆ ಚಾಚುತ್ತೆ. ಇನ್ನೊಂದು ಉಪಾಯ: ಸೀಗಡಿ ಅಥವಾ ಏಡಿ ಜಾತಿಯ ಬೀಗದ ಜೀನನ್ನು ಎರವಲು ಕೋಶಕ್ಕೆ ಸೇರಿಸಿ, ಜೊತೆಗೆ ಮಿಂಚುಹುಳದ ಬೆಳಕಿನ ಜೀನನ್ನೂ ಕಟ್ಟುವುದು. ಕೈ ಬೀಗಕ್ಕೆ ಕೂತರೆ ಕೋಶ ಹೊಳೆಯುತ್ತೆ.

1988ರಲ್ಲಿ ಅಮೆರಿಕದವರು ಇದೇ ನೊಣದ ಕೋಶದಲ್ಲಿ ಒಂದು ಕೃತಕ ರಾಸಾಯನಿಕ ಪರೀಕ್ಷಿಸಿದರು. ಎಕ್ಡೈಸೋನ್‌ಗೂ ಅದಕ್ಕೂ ರೂಪದಲ್ಲಿ ಹೋಲಿಕೆಯೇ ಇಲ್ಲ, ಆದರೂ ಕೋಶ ಅದೇ ಉತ್ತರ ಕೊಟ್ಟಿತು. ಈ ದಾರಿಯಲ್ಲೇ ಟೆಬುಫೆನೊಜೈಡ್, ಮೆಥಾಕ್ಸಿಫೆನೊಜೈಡ್ ಎಂಬ ಔಷಧಿಗಳು ಬಂದವು. ತಿಂದ ಹುಳಕ್ಕೆ ಅಕಾಲದಲ್ಲಿ ಜ್ವರ ಬಂದು, ಪೊರೆ ಪೂರ್ತಿ ಬಿಡಲಾರದೆ ಸಾಯುತ್ತೆ. ಚಿಟ್ಟೆ ಜಾತಿಯ ಹುಳಗಳ ಬೀಗಕ್ಕೆ ಇವು ಬಿಗಿಯಾಗಿ ಕೂರುತ್ತವೆ, ಬೇರೆ ಜಾತಿಗಳ ಬೀಗಕ್ಕೆ ಸಡಿಲ. ರೇಷ್ಮೆ ಹುಳವೂ ಚಿಟ್ಟೆ ಜಾತಿಯೇ ಅನ್ನೋದು ನೆನಪಿರಲಿ.

ಕಣ್ಣಿನ ತೊಟ್ಟಿನಲ್ಲಿರುವ ಬ್ರೇಕು

ಸೀಗಡಿಯ ಕಣ್ಣು ತೊಟ್ಟಿನ ಮೇಲಿರುತ್ತೆ. ಆ ತೊಟ್ಟಿನಲ್ಲಿ ತಯಾರಾಗುವ ಹಾರ್ಮೋನುಗಳಲ್ಲಿ ಒಂದು ಪೊರೆ ಬಿಡುವುದನ್ನು ತಡೆಯುತ್ತೆ, ಇನ್ನೊಂದು ಅಂಡಾಶಯ ಬಲಿಯುವುದನ್ನು ತಡೆಯುತ್ತೆ. ತೊಟ್ಟು ಕತ್ತರಿಸಿದರೆ ಅಂಡಾಶಯ ಬೇಗ ಬಲಿಯುತ್ತೆ ಅಂತ 1943ರಲ್ಲಿ ಪನೂಸ್ ಎಂಬ ವಿಜ್ಞಾನಿ ತೋರಿಸಿದರು. ಮರಿ ಉತ್ಪಾದನಾ ಕೇಂದ್ರಗಳಲ್ಲಿ ತಾಯಿ ಸೀಗಡಿಯ ಒಂದು ಕಣ್ಣು ತೆಗೆಯುವ ಪದ್ಧತಿ ಬೆಳೆದದ್ದು ಹೀಗೆ. ಮೊಟ್ಟೆ ಬೇಗ ಸಿಗುತ್ತೆ, ಆದರೆ ತಾಯಿ ಸೊರಗುತ್ತೆ.

ಕಣ್ಣು ಕೀಳದೆ ಬ್ರೇಕು ಮಾತ್ರ ಸಡಿಲಿಸಲು ಆಗದೇ? ಥೈಲ್ಯಾಂಡಿನವರು ಟೈಗರ್ ಸೀಗಡಿಯಲ್ಲಿ ಇದನ್ನು ನೋಡಿದರು. ಕೋಶತಳಿ ಇಲ್ಲದ್ದರಿಂದ ಕಣ್ಣಿನ ತೊಟ್ಟಿನ ನರದ ತುಂಡನ್ನೇ ತಟ್ಟೆಯಲ್ಲಿ ಬದುಕಿಸಿ, ಆ ತಡೆ ಹಾರ್ಮೋನಿನ ಜೀನನ್ನು ಮೌನ ಮಾಡುವ ಆರ್‌ಎನ್‌ಎ ಹಾಕಿದರು. ಅದು ಕೆಲಸ ಮಾಡಿದ್ದನ್ನು 2008ರಲ್ಲಿ ಬರೆದರು. ಆಮೇಲೆ ಜೀವಂತ ತಾಯಿ ಸೀಗಡಿಗೆ ಚುಚ್ಚಿ, ಕಣ್ಣು ತೆಗೆಯದೆಯೇ ಅಂಡಾಶಯ ಬಲಿತು ಮೊಟ್ಟೆ ಇಟ್ಟದ್ದನ್ನು 2011ರಲ್ಲಿ ಪ್ರಕಟಿಸಿದರು.

ಇಲ್ಲಿ ಕ್ರಮ ನೋಡಿ: ಮೊದಲು ತಟ್ಟೆ, ಆಮೇಲೆ ಪ್ರಾಣಿ. ಕೋಶಕ್ಕೆ ಹೊಟ್ಟೆ ಇಲ್ಲ, ಕಿವಿರು ಇಲ್ಲ, ವಿಷ ಕರಗಿಸುವ ಅಂಗ ಇಲ್ಲ. ಕೈ ಬೀಗಕ್ಕೆ ಕೂರುತ್ತೋ ಇಲ್ಲವೋ ಅಷ್ಟೇ ಅದು ಹೇಳೋದು. ಸೀಗಡಿ ಬದುಕುತ್ತಾ, ಮೊಟ್ಟೆ ಇಡುತ್ತಾ ಅನ್ನೋದನ್ನು ಸೀಗಡಿಯೇ ಹೇಳಬೇಕು. ಕುಂಡದಲ್ಲಿ ಚೆನ್ನಾಗಿ ಬಂದ ಬೀಜ ಹೊಲದಲ್ಲೂ ಬರುತ್ತೆ ಅಂತ ನಾವು ನಂಬುತ್ತೇವಾ?

ನಮಗೆ ಇದರಿಂದ ಏನು

• ಹುಳ, ಸೀಗಡಿ, ಏಡಿ ಎಲ್ಲಾ ಪೊರೆ ಬಿಡುವ ಬಳಗ. ಪೊರೆಗೆ ಕೈ ಹಾಕುವ ಯಾವ ಔಷಧಿಯಾದರೂ ಈ ಬಳಗಕ್ಕೆಲ್ಲ ಅಪಾಯ ಆಗಬಹುದು ಅಂತಲೇ ಎಣಿಸಿ.

• ಕಾಯಿಕೊರಕಕ್ಕೆ ಹೊಡೆಯುವ ನೊವಾಲ್ಯುರಾನ್, ಲುಫೆನ್ಯುರಾನ್ ಹಾರ್ಮೋನಿನ ಔಷಧಿಗಳಲ್ಲ, ಹೊಸ ಹೊದಿಕೆ ಕಟ್ಟುವುದನ್ನೇ ಕೆಡಿಸುತ್ತವೆ. ನೀರಿಗೆ ಸೇರಿದರೆ ಸೀಗಡಿ, ಏಡಿ ಜಾತಿಗೆ ಬಹಳ ವಿಷ. ಕೆರೆ, ಹಳ್ಳ, ಕರಾವಳಿಯ ಗಜನಿ ಗದ್ದೆಗಳ ಪಕ್ಕ ಇವು ಬೇಡ. ಕ್ಯಾನು ತೊಳೆದ ನೀರನ್ನೂ ಅಲ್ಲಿ ಚೆಲ್ಲಬೇಡಿ.

• ಹಿಪ್ಪುನೇರಳೆ ತೋಟದ ಗಾಳಿ ದಿಕ್ಕಿನಲ್ಲಿ ಈ ಎರಡೂ ಬಗೆಯ ಔಷಧಿ ಹೊಡೆಯಬೇಡಿ.

• 'ಪ್ರಯೋಗಾಲಯದಲ್ಲಿ ಸಾಬೀತಾಗಿದೆ' ಅಂತ ಅಂಗಡಿಯವರು ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಸೀಸೆಯ ಕೋಶದಲ್ಲೋ, ಬದುಕಿರುವ ಪ್ರಾಣಿಯಲ್ಲೋ, ರೈತನ ಹೊಲದಲ್ಲೋ? ಮೂರೂ ಬೇರೆ ಬೇರೆ ಸಾಕ್ಷಿ. ಮೂರನೆಯದಕ್ಕೇ ನಾವು ದುಡ್ಡು ಕೊಡಬೇಕಾದದ್ದು.