ಧೂಳಿಗೂ ಅಳತೆಯುಂಟು

ಅಮರಸಿಂಹನು ತನ್ನ ಕೋಶದಲ್ಲಿ ಧೂಳಿಗೆ ರೇಣು, ಧೂಲಿ, ಪಾಂಸು, ರಜಸ್ಸು ಎಂಬ ಹೆಸರುಗಳನ್ನು ಹೇಳಿದ್ದಾನೆ. ಹೆಸರಿಡುವುದು ಕೋಶಕಾರನ ಕೆಲಸ. ಆಕಾಶದಲ್ಲಿ ತೇಲುವ ಆ ರೇಣುಗಳು ಎಷ್ಟು, ಎಂಥವು ಎಂದು ಅಳೆಯುವುದು ವಿಜ್ಞಾನಿಯ ಕೆಲಸ. ಕಾಮಸಮುದ್ರದವರಾದ ನಮಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ನೆರೆಯ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಚಿನ್ನವನ್ನು ತೆಗೆದುಕೊಂಡ ಬಳಿಕ ಉಳಿದ ಅದುರಿನ ಪುಡಿ, ಜನರ ಬಾಯಲ್ಲಿ ‘ಸೈನೈಡ್ ದಿಬ್ಬ’ ಎನಿಸಿಕೊಂಡು ಇಂದಿಗೂ ನಿಂತಿದೆ. ಗಾಳಿ ಬಲವಾಗಿ ಬೀಸಿದಾಗ ಆ ನಯವಾದ ಪುಡಿ ಮೇಲೇಳುತ್ತದೆ.

ಗಾಳಿಯಲ್ಲಿ ತೇಲುವ ಇಂಥ ಧೂಳು, ಹೊಗೆ, ಉಪ್ಪಿನ ಕಣಗಳಿಗೆಲ್ಲ ‘ಏರೋಸಾಲ್’ ಎಂದು ಹೆಸರು. ಅವುಗಳನ್ನು ಮುಟ್ಟದೆ, ನೆಲದ ಮೇಲೆ ನಿಂತೇ ಅಳೆಯುವ ಉಪಕರಣ ಸೂರ್ಯ ದ್ಯುತಿಮಾಪಕ. ಅದು ಸೂರ್ಯನಿಗೆ ಅಭಿಮುಖವಾಗಿ ನಿಂತು, ಶೋಧಕ ಗಾಜುಗಳ ಮೂಲಕ ಒಂದೊಂದು ಬಣ್ಣದ ಬೆಳಕನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ವಾಯುಮಂಡಲವನ್ನು ಹೊಗುವ ಮುನ್ನ ಬೆಳಕಿನ ಬಲವೆಷ್ಟಿತ್ತು, ನೆಲಕ್ಕೆ ನೇರವಾಗಿ ತಲುಪಿದ್ದೆಷ್ಟು ಎಂದು ತಿಳಿದರೆ ನಡುವೆ ನಷ್ಟವಾದದ್ದು ತಿಳಿಯುತ್ತದೆ. ಆ ನಷ್ಟದಲ್ಲಿ ವಾಯುವಿನ ಅಣುಗಳ ಮತ್ತು ಓಝೋನಿನ ಪಾಲನ್ನು ಕಳೆದರೆ ಉಳಿಯುವುದು ಕಣಗಳ ಪಾಲು. ಇದೇ ‘ದ್ಯುತಿ ಗಾಢತೆ’. ಸೂರ್ಯನು ನೆತ್ತಿಯ ಮೇಲಿರುವಾಗ ಕಣಗಳ ದ್ಯುತಿ ಗಾಢತೆ 0.5 ಇದ್ದರೆ, ನೂರು ಪಾಲು ನೇರ ಬೆಳಕಿನಲ್ಲಿ ಸುಮಾರು 61 ಪಾಲನ್ನು ಮಾತ್ರ ಅವು ಕೆಳಕ್ಕೆ ಬಿಡುತ್ತವೆ. 1 ಇದ್ದರೆ ಸುಮಾರು 37 ಪಾಲು. ಹೊಗೆಯ ಸೂಕ್ಷ್ಮ ಕಣಗಳು ಕೆಂಪಿಗಿಂತ ನೀಲಿ ಬೆಳಕನ್ನು ಹೆಚ್ಚಾಗಿ ತಡೆಯುತ್ತವೆ. ಧೂಳಿನ ದಪ್ಪ ಕಣಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಡೆಯುತ್ತವೆ. ಹೀಗೆ ಬಣ್ಣವೇ ಕಣದ ಗಾತ್ರವನ್ನು ಸೂಚಿಸುತ್ತದೆ.

ಒಂದೆಡೆಯ ಅಳತೆ ಆ ಊರಿನ ಕಥೆಯನ್ನಷ್ಟೇ ಹೇಳೀತು. ಆದುದರಿಂದ ಜಾಲಗಳು ಹುಟ್ಟಿದವು. ನಾಸಾ ಸಂಸ್ಥೆಯು 1990ರ ದಶಕದಲ್ಲಿ ‘ಏರೋನೆಟ್’ ಜಾಲವನ್ನು ಆರಂಭಿಸಿತು. ಭಾರತದಲ್ಲಿ 1980ರ ದಶಕದಲ್ಲೇ ಇಸ್ರೋ ಬಹುತರಂಗ ವಿಕಿರಣಮಾಪಕಗಳಿಂದ ಕೆಲಸ ತೊಡಗಿತ್ತು. ಅದೇ ಬೆಳೆದು ‘ಆರ್ಫಿನೆಟ್’ ಆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದರ ಒಂದು ಕೇಂದ್ರ. ಉಪಗ್ರಹಗಳು ಮೇಲಿನಿಂದ ಕಂಡದ್ದು ನಿಜವೇ ಎಂದು ಒರೆಹಚ್ಚುವುದೂ ಈ ನೆಲದ ಕೇಂದ್ರಗಳಿಂದಲೇ.

ಆದರೂ ಒಂದು ವಿವೇಕ ಬೇಕು. ಈ ಉಪಕರಣವು ನೆಲದಿಂದ ಆಕಾಶದವರೆಗಿನ ಕಣಗಳ ಒಟ್ಟು ಲೆಕ್ಕವನ್ನು ಕೊಡುತ್ತದೆಯೇ ಹೊರತು, ಮಗುವಿನ ಮೂಗಿನ ಮಟ್ಟದಲ್ಲಿ ಎಷ್ಟಿದೆಯೆಂದಾಗಲಿ, ಆ ಪುಡಿಯಲ್ಲಿ ಯಾವ ವಿಷವಿದೆಯೆಂದಾಗಲಿ ಹೇಳದು. ಮೋಡ ಕವಿದರೆ ಅದಕ್ಕೆ ಕಣ್ಣೂ ಇಲ್ಲ. ಉಸಿರಿನ ಧೂಳನ್ನು ತಿಳಿಯಲು ಶೋಧಕ ಹಾಳೆಯ ಮೇಲೆ ಅದನ್ನು ಹಿಡಿದು ತೂಗಿ ಪರೀಕ್ಷಿಸಬೇಕು. ಎರಡೂ ಅಳತೆಗಳು ಕೂಡಿದಾಗಲೇ ದಿಬ್ಬದ ಧೂಳು ಯಾವುದು, ದೂರದಿಂದ ಬಂದ ಹೊಗೆ ಯಾವುದು ಎಂಬ ವಿಚಾರಕ್ಕೆ ಆಧಾರ ದೊರೆತೀತು.

ಯಂತ್ರ ಬರುವವರೆಗೆ ನಮ್ಮ ವಿದ್ಯಾರ್ಥಿಗಳು ನಿತ್ಯವೂ ಗಾಳಿಯ ದಿಕ್ಕನ್ನೂ ದೂರದ ಬೆಟ್ಟ ಕಂಡಿತೋ ಇಲ್ಲವೋ ಎಂಬುದನ್ನೂ ಬರೆದಿಡಲಿ. ಅದು ಅಳತೆಯಲ್ಲ, ಸಾಕ್ಷ್ಯ. ಪಾಠಶಾಲೆಗೆ ನೆರವಾಗುವ ಮಹನೀಯರು ಕಟ್ಟಡದೊಡನೆ ಇಂಥ ಅಳತೆಯ ಸಾಧನಗಳನ್ನೂ ನೆನೆಯಬೇಕೆಂದು ನಮ್ಮ ವಿಜ್ಞಾಪನೆ. ಮಕ್ಕಳು ಉಸಿರಾಡುವ ಗಾಳಿಯನ್ನು ಅರಿಯುವುದೂ ವಿದ್ಯಾದಾನದ ಒಂದು ಭಾಗವೇ.